ನೀಲಿ–ನೀಲಿ ಬಂದ ಹೊತ್ತು

ಬೆಳಗಿನ ಐದೂವರೆ. ಪ್ರಯೋಗಾಲಯದ ಹಿಂದಿನ ಮೆಟ್ಟಿಲ ಕೆಳಗೆ, ಮೋಟು ಸ್ಟೂಲಿನ ಮೇಲೆ ಕೂತು ಅವರು ಕಣಜದ ಹುಳುವೊಂದರ ಬೆನ್ನಿಗೆ ಬಣ್ಣದ ಚುಕ್ಕಿ ಇಡುತ್ತಿದ್ದಾರೆ. ‘ಕೆಂಪು–ಹಳದಿ. ಇವಳು ನಿನ್ನೆ ಹುಟ್ಟಿದವಳು,’ ಎನ್ನುತ್ತಾರೆ, ನನ್ನತ್ತ ನೋಡದೆ. ಅವರ ಬಗ್ಗೆ ಬರೆಯಲೆಂದು ನಾನು ಇಲ್ಲಿಗೆ ಬರುತ್ತಿರುವುದು ಇದು ಮೂರನೆಯ ದಿನ. ಇನ್ನೂ ಅವರು ನನ್ನ ಮುಖ ನೋಡಿಲ್ಲ.

ಇಲ್ಲಿನವರ ಬಾಯಲ್ಲಿ ಈ ವಿಜ್ಞಾನಿ ‘ಕಣಜದಕ್ಕ’. ವಯಸ್ಸು ನಲವತ್ತಮೂರು. ಹದಿನಾರು ವರ್ಷದಿಂದ ದಿನಕ್ಕೆ ಮೂರು ಗಂಟೆ ಇದೇ ಮೂಲೆ. ಈಗ ಐದು ಗೂಡು, ಇನ್ನೂರ ಹದಿನಾಲ್ಕು ಹುಳು. ಯಾವುದು ಎಷ್ಟು ಹೊತ್ತಿಗೆ ಬಂತು, ಏನು ತಂತು, ಯಾವಾಗ ಹೋಯಿತು, ಎಲ್ಲ ಅದರದರ ಚುಕ್ಕಿಯ ಬಣ್ಣದ ಹೆಸರಲ್ಲಿ ಪುಸ್ತಕಕ್ಕೆ. ಬೆನ್ನು ಬಗ್ಗಿದೆ, ಕನ್ನಡಕ ದಪ್ಪವಾಗಿದೆ. ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ಒಣಗುವುದರಿಂದ ಇವರ ಪ್ರಬಂಧಗಳನ್ನು ಸಭೆಗಳಲ್ಲಿ ಬೇರೆಯವರು ಓದುತ್ತಾರೆ, ಚಪ್ಪಾಳೆಯೂ ಅವರಿಗೇ. ‘ಹುಳಕ್ಕೆ ಬಣ್ಣ ಬಳಿಯೋಕೆ ಇಷ್ಟೆಲ್ಲ ಓದ್ಬೇಕಿತ್ತಾ ಅಂತ ಅಮ್ಮ ಕೇಳ್ತಾರೆ. ಸುಸ್ತಾದ ದಿನ ನಂಗೂ ಹಾಗೇ ಅನ್ಸುತ್ತೆ.’

ಈಗ ದೂರದ ದೊಡ್ಡ ಸಂಸ್ಥೆಯೊಂದು ಕರೆದಿದೆ. ಸ್ವಂತ ಪ್ರಯೋಗಾಲಯ, ಸ್ವಂತ ಹೆಸರು. ಸೋಮವಾರದೊಳಗೆ ಉತ್ತರ ಕೊಡಬೇಕು. ‘ಆಸೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ...’

ಆ ‘ಆದ್ರೆ’ಗೆ ಕಾರಣ ಸಂಸ್ಥೆಯ ಪತ್ರದ ಕೊನೆಯಲ್ಲಿದೆ. ಇವರು ಕಳಿಸಿದ ಒಂದು ವರ್ಷದ ದಾಖಲೆ ನೋಡಿ ಅವರು ಕೇಳಿದ್ದಾರೆ: ‘ನೀಲಿ–ನೀಲಿ ಎಂಬುದು ದಿನಾ 6.40ಕ್ಕೆ ಬಂದು ಹತ್ತು ನಿಮಿಷ ಇದ್ದು ಹೋಗುತ್ತದೆ. ಇದರ ಗೂಡು ಯಾವುದು? ಮಧ್ಯೆ ಒಂಬತ್ತು ದಿನ ಏಕೆ ಬರಲಿಲ್ಲ?’

ನೀಲಿ–ನೀಲಿ ಹುಳುವೇ ಅಲ್ಲ. ನೀಲಿ ಸ್ವೆಟರು, ನೀಲಿ ಟೋಪಿ ಹಾಕುವ ಮೇಲಿನ ಮಹಡಿಯ ಗ್ರಂಥಪಾಲಕ! ಆರು ವರ್ಷದಿಂದ ಫ್ಲಾಸ್ಕಿನಲ್ಲಿ ಚಹಾ ತರುತ್ತಾರೆ. ಮದುವೆಯಾಗೋಣವೇ ಎಂದು ಕೇಳಿ ಎರಡು ವರ್ಷವಾಯಿತು. ಕಣಜದಕ್ಕ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ‘ಒಬ್ಳೇ ಇದ್ದು ಅಭ್ಯಾಸ. ಅವ್ರು ಬಂದಿದ್ದನ್ನ ಕೈ ತಾನಾಗೇ ಬರ್ಕೊಂಡ್ಬಿಟ್ಟಿದೆ. ಆ ಒಂಬತ್ತು ದಿನ ಅವ್ರಿಗೆ ಜ್ವರ. ನಾನು ಒಂದೇ ಹುಳಕ್ಕೆ ಎರಡು ಸಲ ಬಣ್ಣ ಹಚ್ಚಿದ್ದೆ.’

ದಾಖಲೆಯಿಂದ ಗ್ರಂಥಪಾಲಕರ ಸಾಲುಗಳನ್ನೆಲ್ಲ ಅಳಿಸಿಬಿಡಬಹುದಲ್ಲ ಎನ್ನುತ್ತೇನೆ.

‘ಕಣ್ಣಾರೆ ನೋಡಿದ್ದನ್ನ ಅಳಿಸೋ ಹಾಗಿಲ್ಲ.’ ಈಗ ಮಾತ್ರ ನನ್ನನ್ನೇ ನೋಡುತ್ತಾರೆ.

6.40. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಗ್ರಂಥಪಾಲಕರು ಚಹಾ ಬಗ್ಗಿಸುತ್ತಾರೆ. ಕಣಜದಕ್ಕ ಪತ್ರ ಅವರ ಕೈಗಿಡುತ್ತಾರೆ. ಅವರು ಓದುತ್ತಾರೆ. ಕೊನೆಯ ಪ್ರಶ್ನೆಯನ್ನು ಎರಡು ಸಲ ಓದುತ್ತಾರೆ. ಸ್ವೆಟರಿನ ತೋಳಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

‘ಸೋಮವಾರ ಉತ್ತರ ಕೊಡ್ಬೇಕು,’ ನೆಲ ನೋಡುತ್ತಲೇ ಕೇಳುತ್ತಾರೆ ಕಣಜದಕ್ಕ. ‘ನೀವೂ ಬರ್ತೀರಾ?’

‘ಅಲ್ಲೂ 6.40ಕ್ಕೇನಾ?’

ನಗು ಬರುವುದಕ್ಕೆ ಇಬ್ಬರಿಗೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಬಂದದ್ದೂ ದಣಿದ ನಗುವೇ. ಗೂಡಿಗೆ ಎರಡು ಹುಳು ಬಂದು ಹೋಗುತ್ತವೆ, ಯಾರೂ ಬರೆದುಕೊಳ್ಳುವುದಿಲ್ಲ. ಕಣಜದಕ್ಕ ಪೆನ್ನಿಗೆ ಮುಚ್ಚಳ ಹಾಕುತ್ತಾರೆ.

‘ಇಷ್ಟು ವರ್ಷ ಬರ್ಕೊಂಡು ಕೂತು ತಣ್ಣಗಾದ ಚಹಾನೇ ಕುಡಿದಿದ್ದೀನಿ. ಇವತ್ತು ಬಿಸಿಯಾಗೇ ಕುಡೀತೀನಿ.’