ಎರಡು ಪಟ್ಟಿಯ ತಾತ

ಮೊನ್ನೆ ನಮ್ಮ ಅಡುಗೆಯವಳು ಬೆಲ್ಲದ ಪಾಕವನ್ನು ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ನಿಂತಳು. ಪಾಕ ತಳ ಹಿಡಿದು, ಕರಕಲಾಗಿ, ಮನೆಯೆಲ್ಲ ಹೊಗೆ. ಅವಳು "ಸಾರಿ ಅಮ್ಮಾ, ಸಾರಿ" ಎನ್ನುತ್ತ ಕಿಟಕಿ ತೆರೆಯಲು ಓಡಿದಳು. ಒಂದು ನಿಮಿಷ ಹಾಗೇ ಬಿಡು ಎಂದೆ. ಸುಟ್ಟ ಬೆಲ್ಲ, ಅದರ ಹಿಂದೆ ಕಾದ ಮರಳು... ಮರಳಿನ ವಾಸನೆ ನನ್ನ ಇಮ್ಯಾಜಿನೇಶನ್ ಇದ್ದೀತು. ಆದರೆ ಅದರ ಜೊತೆಗೇ ರಾಯದುರ್ಗದ ಕೋಟೆಗುಡ್ಡದ ಕೆಳಗಿನ ಒಂದು ತಗಡಿನ ಶೆಡ್ಡು ಕಣ್ಣ ಮುಂದೆ ಬಂದು ನಿಂತಿತು.

ಆ ಶೆಡ್ಡಿನಲ್ಲಿ ಎರಕ ಹೊಯ್ಯುವ ತಾತ ಒಬ್ಬರಿದ್ದರು. ಊರಿನ ಹೆಂಗಸರು ತೂತಾದ ಹಿತ್ತಾಳೆ ಬಿಂದಿಗೆ, ಒಡೆದ ಕಂಚಿನ ತಟ್ಟೆ ತಂದು ಕೊಟ್ಟರೆ ಅದನ್ನು ಕರಗಿಸಿ ದೀಪ, ಸೌಟು, ಬಾವಿಯ ಗಾಲಿ ಮಾಡಿಕೊಡುತ್ತಿದ್ದರು. ಕಪ್ಪು ಮರಳಿಗೆ ಬೆಲ್ಲದ ನೀರು ಕಲಸಿ ಪೆಟ್ಟಿಗೆಯಲ್ಲಿ ತುಂಬಿ, ನಡುವೆ ಮರದ ಅಚ್ಚು ಒತ್ತಿ ತೆಗೆದು, ಉಳಿದ ಗುಳಿಗೆ ಕರಗಿದ ಲೋಹ ಹೊಯ್ಯುವುದು ಅವರ ಕೆಲಸ. ಹೊಯ್ದ ಕೂಡಲೇ ಬೆಲ್ಲ ಸುಟ್ಟ ಹೊಗೆ ಏಳುತ್ತಿತ್ತು. ಕುಲುಮೆಗೆ ಗಾಳಿ ಊದುವ ತಿದಿ ಒತ್ತುವುದು ಅವರ ಹೆಂಡತಿ. ಆಕೆ ಮಾತಿಗಿಂತ ಕಣ್ಣಲ್ಲೇ ಹೆಚ್ಚು ಬಯ್ಯುವ ಹೆಂಗಸು.

ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ನಾವೆಲ್ಲ ಮದ್ರಾಸ್ ಪ್ರೆಸಿಡೆನ್ಸಿಯವರು. ನನ್ನಪ್ಪ ಶೇಂಗಾ ಒಡೆಯುವ ಮಿಲ್ಲಿನ ಮ್ಯಾನೇಜರ್. ನಾನು ಬಳ್ಳಾರಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಓದುತ್ತಿದ್ದೆ, ಹಾಲಿಡೇಸ್‌ಗೆ ಮಾತ್ರ ಮನೆಗೆ. ಅಪ್ಪ ಕೆಟ್ಟವರಲ್ಲ, ಆದರೆ ಅನುಮಾನದ ಮನುಷ್ಯ. ಹಾಲಿನವಳ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದರು. ಅಂಗಡಿಯ ತಕ್ಕಡಿಯನ್ನು ಖಾಲಿ ಎತ್ತಿಸಿ ನೋಡದೆ ಬೇಳೆ ಕೊಂಡವರಲ್ಲ. ಆ ಅಭ್ಯಾಸ ನನಗೂ ಅಂಟಿತ್ತು. ನಾನದನ್ನು ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಯುದ್ಧದ ವರ್ಷಗಳ ಒಂದು ಕ್ರಿಸ್ಮಸ್ ರಜೆ. ಶೇಂಗಾ ಸುಗ್ಗಿಯ ನಡುವೆ ಮಿಲ್ಲಿನ ದೊಡ್ಡ ಹಲ್ಲಿನ ಗಾಲಿ ಎರಡು ಹೋಳಾಯಿತು. ಒಂದೂವರೆ ಅಡಿ ಅಗಲದ ಗಾಲಿ. ಅದು ಇಂಗ್ಲೆಂಡಿನಿಂದ ಬರಬೇಕು, ಹಡಗುಗಳೋ ಯುದ್ಧಕ್ಕೆ ಹೋಗಿದ್ದವು. ಅಂಗಳದಲ್ಲಿ ಬೊಮ್ಮನಹಾಳ್ ಕಡೆಯ ಗಾಡಿಗಳು ಮೂಟೆ ಹೊತ್ತು ಸಾಲುಗಟ್ಟಿದ್ದವು. ಬೇರೆ ದಾರಿಯಿಲ್ಲದೆ ಅಪ್ಪ ಎರಕದ ತಾತನನ್ನು ಕರೆಸಿದರು. ಮಿಲ್ಲಿನ ಹಳೆಯ ಕಂಚಿನ ಚೂರುಗಳನ್ನೆಲ್ಲ ತೂಗಿ ಕೊಟ್ಟರು.

"ತೂಕ ಬರಕೊಂಡೀನಿ," ಎಂದರು ಅಪ್ಪ.

"ಬರಕೋರಿ. ಸ್ವಲ್ಪ ಬೆಂಕಿನೂ ತಿಂತೈತ್ರಿ, ಅದನ್ನೂ ಬರಕೋರಿ," ಎಂದರು ತಾತ.

"ಬೆಂಕಿ ತಿಂತೈತೋ, ಬೆಂಕಿ ಹಚ್ಚೋನು ತಿಂತಾನೋ?"

ಸುತ್ತ ನಿಂತವರು ನಕ್ಕರು. ತಾತನೂ ನಕ್ಕರು. ಆ ನಗೆಯಲ್ಲಿ ಏನೋ ಇದೆ ಎಂದು ನನಗೆ ಆಗಲೇ ಅನ್ನಿಸಿತ್ತು... ಅಥವಾ ಆಮೇಲೆ ಅನ್ನಿಸಿದ್ದನ್ನು ಈಗ ಅಲ್ಲಿ ಇಡುತ್ತಿದ್ದೇನೋ.

ಮರುದಿನ ಅಚ್ಚು ನೋಡುವ ನೆವದಲ್ಲಿ ಶೆಡ್ಡಿಗೆ ಹೋದೆ. ಕೈಯಲ್ಲಿ ಕಾನ್ವೆಂಟಿನ ಹೊಸ ಫುಟ್ ರೂಲರ್. ಕ್ಲಾಸಿನಲ್ಲಿ ಜಿಯೊಮೆಟ್ರಿಗೆ ಬಂದ ಪ್ರೈಜ಼್ ಅದು, ಹಾಗಾಗಿ ಹೋದಲ್ಲೆಲ್ಲ ಒಯ್ಯುತ್ತಿದ್ದೆ. ತಾತ ತೇಗದ ಹಲಗೆಯಲ್ಲಿ ಗಾಲಿಯ ಅಚ್ಚು ಕೆತ್ತುತ್ತಿದ್ದರು. ಅವರ ಬಳಿ ಅಳತೆಯ ಪಟ್ಟಿಗಳು ಎರಡಿದ್ದವು. ಒಡೆದ ಗಾಲಿಯನ್ನು ಒಂದರಿಂದ ಅಳೆದರು. ಅದನ್ನು ಕೆಳಗಿಟ್ಟು, ತಗಡಿನ ಸೂರಿನ ಸಂದಿಯಿಂದ ಇನ್ನೊಂದನ್ನು ಎಳೆದು, ಅದರಿಂದ ಹಲಗೆಗೆ ಗೆರೆ ಹಾಕಿದರು. ಕೆಲಸ ಮುಗಿದೊಡನೆ ಎರಡನೆಯದು ಮತ್ತೆ ಸೂರಿಗೆ.

ನೀರು ಕುಡಿಯಲು ಅವರು ಹೊರಗೆ ಹೋದಾಗ ಸ್ಟೂಲು ಹತ್ತಿ ಅದನ್ನು ಇಳಿಸಿದೆ. ನನ್ನ ರೂಲರಿನ ಪಕ್ಕಕ್ಕೆ ಇಟ್ಟೆ. ಅದರ ಒಂದು ಅಡಿ ನನ್ನ ಒಂದು ಅಡಿಗಿಂತ ಉದ್ದವಿತ್ತು, ಸರಿಯಾಗಿ ಒಂದು ಜೋಳದ ಕಾಳಿನಷ್ಟು. ತಲೆಯೆತ್ತಿದರೆ ಅವರ ಹೆಂಡತಿ ತಿದಿಯ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ.

"ಯಾಕ ಬೇ, ನಮ್ಮ ಮನಿ ಅಳಿಯಾಕ ಬಂದೀಯೇನು?"

ನಾನು ನನ್ನ ರೂಲರ್ ಎತ್ತಿಕೊಂಡು ಓಡಿದೆ. ಕೊಳ್ಳುವುದಕ್ಕೊಂದು ಸೇರು, ಮಾರುವುದಕ್ಕೊಂದು ಸೇರು ಇಟ್ಟ ವ್ಯಾಪಾರಿಗಳ ಕಥೆ ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಎರಡು ಅಳತೆ ಎಂದರೆ ಚೀಟಿಂಗ್. ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದೆ. ಅಪ್ಪ ನನ್ನ ತಲೆ ಸವರಿ, "ನನ್ನ ಮಗಳು ನೋಡು!" ಎಂದು ಅಮ್ಮನ ಕಡೆ ತಿರುಗಿದರು. ಐ ವಾಸ್ ಸೋ ಪ್ರೌಡ್.

ಸಂಜೆ ಅಪ್ಪ ನಾಲ್ಕು ಜನರನ್ನು ಕರೆದುಕೊಂಡು ಶೆಡ್ಡಿಗೆ ಹೋದರು. ಒಡೆದ ಗಾಲಿಯ ಹೋಳುಗಳನ್ನು ಜೋಡಿಸಿ ಅಚ್ಚಿನ ಮೇಲಿಟ್ಟರು. ಸುತ್ತಲೂ ಅಚ್ಚಿನ ಅಂಚು ಹೊರಗೆ ಇಣುಕಿತು. ಒಟ್ಟಾರೆ ಕಾಲಿಂಚಿಗಿಂತ ಚೂರು ಹೆಚ್ಚೇ ಅಗಲ.

"ಇದೇನು? ನನ್ನ ಗಾಲಿಗೆ ದಪ್ಪ ಅಂಗಿ ಹೊಲೀತಿಯೇನು?"

"ಅಚ್ಚು ಹಂಗ ಇರಬೇಕ್ರಿ."

"ಯಾಕ?"

ತಾತ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು. ಅಪ್ಪ ಸೂರಿನಿಂದ ಪಟ್ಟಿ ಎಳೆದು ಎಲ್ಲರಿಗೂ ತೋರಿಸಿದರು. "ಇದು ಯಾಕ ಉದ್ದ ಐತಿ, ಅದನ್ನರ ಹೇಳು."

"ಅದನ್ನ ಹೊರಗ ಹೇಳಂಗಿಲ್ರಿ. ನಮ್ಮ ಮಾವ ಆಣಿ ಮಾಡ್ಸಿ ಕೊಟ್ಟ ಪಟ್ಟಿ ಅದು. ಗಾಲಿ ಕೂಡದಿದ್ರ ನನ್ನ ಕೇಳ್ರಿ."

"ಉದ್ದದ ಅಳತಿಗೆ ಕಂಚು ಹೆಚ್ಚು ಹಿಡೀತೈತಿ. ಹೆಚ್ಚಿಗಿದ್ದದ್ದು ಅರದಿಂದ ಉಜ್ಜಿ ತೆಗದು ನೀನ ಇಟ್ಕೋತಿ. ಇಷ್ಟಕ್ಕ ಆಣಿ ಬ್ಯಾರೆ!"

ಅಪ್ಪ ಬಡಗಿಯನ್ನು ಕರೆಸಿ, ತಾವೇ ಪಕ್ಕದಲ್ಲಿ ಕೂತು, ನನ್ನ ರೂಲರಿನಿಂದಲೇ ಅಳೆಸಿ, ಅಚ್ಚನ್ನು ಹಳೆಯ ಗಾಲಿಯ ಸಮಕ್ಕೆ ಕೆತ್ತಿಸಿದರು. ತಾತ ಗೋಡೆಗೆ ಒರಗಿ ನೋಡುತ್ತಿದ್ದರು. ಹೆಂಡತಿ ಮಾತ್ರ ಎರಡು ಸಲ "ಹೇಳಬಾರ್ದಾ? ಹೇಳಿಬಿಡು ಮಾರಾಯಾ," ಎಂದಳು. ಅವರು ತಲೆಯಾಡಿಸಿ ಬೇಡವೆಂದರು.

"ಹಿಂಗ ಹೊಯ್ದ್ರ ಕೂಡಂಗಿಲ್ರಿ ಇದು," ಎಂದದ್ದಷ್ಟೇ ಅವರ ಕೊನೆಯ ಮಾತು.

ಕೂಡಲಿಲ್ಲ. ಗಾಲಿ ಬೇಕಾದ್ದಕ್ಕಿಂತ ಸಣ್ಣದಾಗಿ ಬಂತು. ಹಲ್ಲಿಗೆ ಹಲ್ಲು ಆಳಕ್ಕೆ ಸಿಗದೆ ತುದಿಯಲ್ಲಷ್ಟೇ ತಾಗಿ, ಮಿಲ್ಲು ಎರಡು ದಿನ ಕಟಕಟ ಎಂದು, ಮೂರನೆಯ ದಿನ ಐದಾರು ಹಲ್ಲು ಉದುರಿಸಿಕೊಂಡು ನಿಂತಿತು. ಅಪ್ಪ ಸೋಲು ಒಪ್ಪುವವರಲ್ಲ. ಸಿಕ್ಕಿಬಿದ್ದ ಸಿಟ್ಟಿಗೆ ಬೇಕೆಂದೇ ಕೆಡಿಸಿದ್ದಾನೆ ಎಂದರು. ಮಾಲೀಕರಿಗೂ ಹಾಗೆಯೇ ಬರೆದರು. ಊರು ನಂಬಿತು, ಎರಡು ಪಟ್ಟಿಗಳನ್ನು ಕಣ್ಣಾರೆ ಕಂಡವರು ನಾಲ್ಕು ಜನ ಇದ್ದರಲ್ಲ. "ಎರಡು ಪಟ್ಟಿಯ ತಾತ" ಎಂಬ ಹೆಸರು ಬಿತ್ತು. ನಂಬಿಕೆಯಿಲ್ಲದವನ ಕೈಗೆ ಯಾರು ಮನೆಯ ಬಿಂದಿಗೆ ಕೊಡುತ್ತಾರೆ? ಬೇಸಿಗೆಯ ರಜೆಗೆ ನಾನು ಬಂದಾಗ ಶೆಡ್ಡಿನಲ್ಲಿ ಆಡುಗಳು ಮಲಗಿದ್ದವು. ಗಂಡ ಹೆಂಡತಿ ಆಕೆಯ ತವರಾದ ಮಡಕಶಿರಾ ಸೀಮೆಗೆ ಹೋದರಂತೆ.

ಅದರ ಮುಂದಿನ ವರ್ಷವಿರಬೇಕು. ಸೈನ್ಸ್ ಕ್ಲಾಸಿನಲ್ಲಿ ನಮ್ಮ ಸಿಸ್ಟರ್ ಒಂದು ಹಿತ್ತಾಳೆ ಗುಂಡು, ಒಂದು ಬಳೆ ತಂದರು. ತಣ್ಣಗಿದ್ದಾಗ ಗುಂಡು ಬಳೆಯೊಳಗೆ ಸಲೀಸಾಗಿ ತೂರಿತು. ಕಾಯಿಸಿದ ಮೇಲೆ ತೂರಲಿಲ್ಲ. "ಮೆಟಲ್ ಕಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ, ಗರ್ಲ್ಸ್." ಎಲ್ಲರೂ ಬರೆದುಕೊಂಡರು. ನನ್ನ ಪೆನ್ನು ನಿಂತಿತು. ಕರಗಿದ ಕಂಚು ಅಚ್ಚಿನ ಗುಳಿಯನ್ನು ತುಂಬುತ್ತದೆ, ಆರುತ್ತ ಆರುತ್ತ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೋ ಅಷ್ಟು ಅಚ್ಚು ಮೊದಲೇ ದೊಡ್ಡದಿರಬೇಕು. ಅಡಿಗೆ ಒಂದು ಜೋಳದ ಕಾಳಿನಷ್ಟು... ಆ ಉದ್ದದ ಪಟ್ಟಿಯಲ್ಲಿ ಇದ್ದದ್ದು ಇದೇ ಲೆಕ್ಕ. ಪ್ರತಿಸಲ ಗುಣಿಸುವ ಗೋಜಿಲ್ಲದಂತೆ ಯಾರೋ ಪುಣ್ಯಾತ್ಮರು ಅದನ್ನು ಮರದಲ್ಲೇ ಕೊರೆದಿಟ್ಟಿದ್ದರು.

ರಜೆಯಲ್ಲಿ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿದರು. ಅವರಿಗೆ ಅರ್ಥವಾಯಿತೆಂದೇ ನನ್ನ ಅನುಮಾನ, ಇಂದಿಗೂ. "ಅದು ನಿಮ್ಮ ಸಾಲಿ ಗುಂಡು. ಇದು ರಾಯದುರ್ಗ," ಎಂದು ಎದ್ದು ಹೋದರು. ಮಾಲೀಕರಿಗೆ ಇನ್ನೊಂದು ಕಾಗದ ಬರೆದರೆ ತಮ್ಮ ಕೆಲಸ ಉಳಿಯದೆಂದು ಅವರಿಗೆ ಗೊತ್ತಿತ್ತು. ನಾನು ಮತ್ತೆ ಒತ್ತಾಯಿಸಲಿಲ್ಲ. ಕಾನ್ವೆಂಟಿನ ಫೀಸೂ ಅದೇ ಕೆಲಸದಿಂದ ಬರುತ್ತಿತ್ತಲ್ಲ.

ಮದುವೆಯಾದ ವರ್ಷವೇ ನಮ್ಮವರಿಗೆ ಮಡಕಶಿರಾ ತಾಲ್ಲೂಕು ಕಚೇರಿಗೆ ವರ್ಗವಾಯಿತು. ಇನ್ನೂ ಬ್ರಿಟಿಷರ ಕಾಲವೇ. ಹೋದ ವಾರದಲ್ಲೇ ವಿಚಾರಿಸಿದೆ. "ರಾಯದುರ್ಗದಿಂದ ಬಂದ ಎರಕದೋರಾ? ಅವ್ರು ಈಗ ಎರಕ ಹುಯ್ಯಲ್ಲ ಕಣಮ್ಮ, ಬೆಸುಗೆ ಹಾಕ್ತಾರೆ ಅಷ್ಟೇಯ. ಗುಡಿಬಂಡೆ ದಾರೀಲಿ ಕೇಳಿ," ಎಂದಳು ನೆರೆಮನೆಯಾಕೆ.

ಹೋದೆ. ಹೆಂಡತಿ ಬಾಗಿಲಲ್ಲೇ ಗುರುತು ಹಿಡಿದಳು. "ಇನ್ನೇನು ಅಳಿಯಾಕ ಬಂದೀರಿ?" ಎಂದಳು. ಈ ಸಲ ಬಹುವಚನವಿತ್ತು, ಅದೇ ಹೆಚ್ಚು ಚುಚ್ಚಿತು. ತಾತ ಒಳಗಿಂದ "ಯಾರದು, ಬರ್ರಿ," ಎಂದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮಿಲ್ಲಿನ ಮ್ಯಾನೇಜರ ಮಗಳು, ಪಟ್ಟಿ ತೋರಿಸಿಕೊಟ್ಟವಳು ನಾನು, ನಿಮ್ಮ ಅಳತೆ ಸರಿಯಿತ್ತು, ಲೋಹ ಆರಿದರೆ ಕುಗ್ಗುತ್ತದೆಂದು ಶಾಲೆಯಲ್ಲಿ ಕಲಿತೆ, ನನ್ನನ್ನು ಕ್ಷಮಿಸಿ...

ಅವರ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ.

"ಸಾಲ್ಯಾಗ ಹೇಳಿಕೊಡ್ತಾರೇನ್ರಿ ಅದನ್ನ?"

"ಹೌದು."

"ಎಲ್ರಿಗೂ?"

"ಎಲ್ಲರಿಗೂ. ಪುಸ್ತಕದಲ್ಲೇ ಇದೆ."

ಅವರು ಕೈಲಿದ್ದ ಬೆಸುಗೆಯ ಕಡ್ಡಿಯನ್ನು ನೆಲಕ್ಕಿಟ್ಟರು. ಹೆಂಡತಿಯ ಕಡೆ ನೋಡಿದರು. ಆಕೆ ಮುಖ ತಿರುಗಿಸಿದಳು.

"ಹಂಗಾದ್ರ," ಎಂದರು ತಾತ ಮೆಲ್ಲಗೆ, "ನಿಮ್ಮಪ್ಪಾರಿಗೆ ಹೇಳಬಹುದಿತ್ತು ನಾನು."

ಕ್ಷಮೆ ಕೇಳಿ ಹಗುರಾಗಲು ಹೋಗಿದ್ದೆ. ಅವರಿಗೆ ಉಳಿದಿದ್ದ ಒಂದೇ ಒಂದು ಸಮಾಧಾನ, ಆಣೆ ಮುರಿಯಲಿಲ್ಲ ಎಂಬುದು, ಅದನ್ನೂ ನಾನೇ ಕಿತ್ತುಕೊಂಡು ಬಂದೆ. ಮತ್ತೆ ಆ ದಾರಿಗೆ ಹೋಗಲಿಲ್ಲ. ಅವರು ಯಾವಾಗ ತೀರಿಕೊಂಡರೆಂದೂ ನನಗೆ ತಿಳಿಯದು. ಅಪ್ಪ ಹೋಗಿಯೂ ಎಷ್ಟೋ ವರ್ಷ. ಇಳಿವಯಸ್ಸಿನಲ್ಲಿ ಮೊಮ್ಮಕ್ಕಳಿಗೆ ಈ ಕಥೆಯನ್ನು ತಮಾಷೆಯಾಗಿ ಹೇಳುತ್ತಿದ್ದರು. ಅವರ ಕಥೆಯಲ್ಲಿ ತಾತ ಕೊನೆಯವರೆಗೂ ಕಳ್ಳನೇ. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ, ಒಮ್ಮೆಯೂ ತಡೆಯಲಿಲ್ಲ. ಮಕ್ಕಳು ನಗುತ್ತಿದ್ದರು, ಅಪ್ಪನಿಗೆ ವಯಸ್ಸಾಗಿತ್ತು... ನೆವಗಳಿಗೇನು ಕೊರತೆ? ಆ ಮಕ್ಕಳಿಗೂ ಈಗ ತಲೆ ನರೆತಿದೆ, ಅವರೂ ತಮ್ಮ ಮಕ್ಕಳಿಗೆ ಅದನ್ನು ಹಾಗೆಯೇ ಹೇಳುತ್ತಾರೆ.