ರಾಗಿ ಮೊದಲ ಪುಟದಲ್ಲಿಲ್ಲ

ಬುಧವಾರ ಪ್ರಾರ್ಥನೆ ಮುಗಿದ ಮೇಲೆ ಶಿಲ್ಪಶ್ರೀ ಐದು ತೆಂಗಿನ ಚಿಪ್ಪುಗಳನ್ನು ನೆಲದ ಮೇಲೆ ಬೋರಲು ಹಾಕಿದರು. ಒಂದೊಂದರ ಬೆನ್ನ ಮೇಲೂ ಸೀಮೆಸುಣ್ಣದಲ್ಲಿ ಒಂದೊಂದು ಪದ: ಮನೆ, ರಾಗಿ, ಅವರೆ, ಜಡೆ, ಗರಿ. ನಾಲ್ಕನೇ ತರಗತಿಯ ಅಕ್ಷತಾ ಅವನ್ನು ಅಕಾರಾದಿಯಲ್ಲಿ, ಅಂದರೆ ನಿಘಂಟಿನಲ್ಲಿ ಬರುವ ಸಾಲಿನಲ್ಲಿ ಜೋಡಿಸಬೇಕಿತ್ತು. ಅವಳು ತಡಮಾಡಲಿಲ್ಲ. ರಾಗಿ, ಗರಿ, ಅವರೆ, ಜಡೆ, ಮನೆ.

"ಆಯ್ತು ಮಿಸ್."

"ಇನ್ನೊಂದ್ಸಲ ನೋಡು ಪುಟ್ಟಿ. ಮೊದ್ಲು ಯಾವ ಅಕ್ಷರ?"

"ರ."

ಅದು ದಡ್ಡತನದ ಉತ್ತರವಲ್ಲ. ಇಲ್ಲಿ ಮೊದಲ ಮೂರು ತರಗತಿಗಳ ಮಕ್ಕಳು ಓದು ಕಲಿಯುವುದು ಕಾರ್ಡುಗಳಿಂದ. ಆ ಕಾರ್ಡುಗಳಲ್ಲಿ ಅಕ್ಷರಗಳು ಅ, ಆ, ಇ, ಈ ಎಂದು ಬರುವುದಿಲ್ಲ. ಬರೆಯಲು ಸುಲಭವಾದವು ಮೊದಲು: ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಮಕ್ಕಳು ಹೀಗೆ ಬೇಗ ಓದುತ್ತಾರೆ. ಅಕ್ಷತಾ ಎರಡನೇ ತರಗತಿಯಲ್ಲೇ ಬಸ್ಸಿನ ಬೋರ್ಡು ಓದುತ್ತಿದ್ದಳು. ವರ್ಣಮಾಲೆ ಗೋಡೆಯ ಮೇಲೂ ಇದೆ, ರಾಗವಾಗಿ ಹೇಳಲು ಎಲ್ಲರಿಗೂ ಬರುತ್ತದೆ. ಆದರೆ ಕೈ ಹೋಗುವುದು ಕಾರ್ಡಿನ ಸಾಲಿಗೆ.

ಹಾರನಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ಈ ಸರ್ಕಾರಿ ಶಾಲೆಯಲ್ಲಿ ಇರುವುದು ಹತ್ತು ಮಕ್ಕಳು, ಮುಖ್ಯ ಶಿಕ್ಷಕ ಏಕಾಂತಯ್ಯ ಮತ್ತು ಇಪ್ಪತ್ತೆರಡರ ಅತಿಥಿ ಶಿಕ್ಷಕಿ ಶಿಲ್ಪಶ್ರೀ. ಅವರಿಗೆ ಇದು ಮೂರನೇ ಶಾಲೆ. ಮೊದಲನೆಯದು ಪಕ್ಕದೂರಿನ ಶಾಲೆಗೆ ಸೇರಿಹೋಯಿತು, ಎರಡನೆಯದಕ್ಕೆ ಕಾಯಂ ಶಿಕ್ಷಕರು ಬಂದರು. ಈ ಕೆಲಸವೂ ನಿಂತರೆ ಬೇಲೂರಿನ ಸಂಬಂಧಕ್ಕೆ ಒಪ್ಪಬೇಕು ಎಂದು ತಾಯಿ ರುಕ್ಮಿಣಮ್ಮ ಹೇಳಿಬಿಟ್ಟಿದ್ದಾರೆ. ಸೊಸೆ ಕೆಲಸಕ್ಕೆ ಹೋಗುವುದು ಬೇಲೂರಿನವರಿಗೆ ಬೇಡ.

ಹಿಂದಿನ ಭಾನುವಾರ ಅಕ್ಷತಾಳ ಸೋದರಮಾವ ಅವಳಿಗೆ ಒಂದು ನಿಘಂಟು ತಂದುಕೊಟ್ಟಿದ್ದ. ಯಾವುದಾದರೂ ಪದ ಹುಡುಕು ಎಂದ. ಅವಳು ರಾಗಿ ಹುಡುಕಲು ಮೊದಲ ಪುಟ ತೆರೆದಳು, ಎರಡನೆಯದು ತಿರುವಿದಳು, ಪುಸ್ತಕ ಮುಚ್ಚಿದಳು. "ಈ ಬುಕ್ಕಲ್ಲಿ ರಾಗಿನೇ ಇಲ್ಲ ಮಾವ." ಮನೆ ತುಂಬ ನೆಂಟರು. ಅರಸೀಕೆರೆಯ ಕಾನ್ವೆಂಟಿಗೆ ಹೋಗುವ ಅವಳ ಓರಗೆಯವನೊಬ್ಬ ಎಲ್ಲರಿಗಿಂತ ಹೆಚ್ಚು ನಕ್ಕ.

ಸೋಮವಾರ ಅವಳ ಅಪ್ಪ ಚನ್ನೇಶ್ ಶಾಲೆಗೆ ಬಂದರು. ಜಗಲಿಯ ಕೆಳಗೇ ನಿಂತು ಮಾತಾಡಿದರು.

"ರಾಗಿ ಬೆಳ್ಯೋನ ಮಗ್ಳು ಕಣ್ರೀ ಮಿಸ್. ನೆಂಟ್ರ ಮುಂದೆ ಪುಸ್ತಕದಾಗೆ ರಾಗಿನೇ ಇಲ್ಲ ಅಂತಾಳೆ."

"ಶನಿವಾರದವರೆಗೆ ಟೈಮ್ ಕೊಡಿ ಅಣ್ಣ. ಕಲಿಸ್ತೀನಿ."

"ಶನಿವಾರ ಬತ್ತೀನಿ, ಪುಸ್ತಕನೂ ತತ್ತೀನಿ. ಕಾನ್ವೆಂಟ್ ವ್ಯಾನಿನೋನು ಸೀಟು ಐತೆ ಅಂದವ್ನೆ."

ಅವರು ಹೋದ ಮೇಲೆ ಏಕಾಂತಯ್ಯ ಹಾಜರಿ ಪುಸ್ತಕ ಮುಚ್ಚಿದರು. "ನೋಡಮ್ಮ, ಒಂದು ಮಗು ಹೋದ್ರೆ ಒಂಬತ್ತು. ಒಂಬತ್ತು ಮಕ್ಕಳಿಗೆ ಇಬ್ಬರು ಟೀಚರ್ ಯಾಕೆ ಅಂತಾರೆ ಇಲಾಖೆಯವರು. ನಾನು ಬರೆಯೋದು ಬರೀತೀನಿ. ಅವರು ಕೇಳಲ್ಲ."

ಶಿಲ್ಪಶ್ರೀಗೆ ಉಳಿದದ್ದು ಐದು ದಿನ. ಮಂಗಳವಾರ ಕಪ್ಪುಹಲಗೆ ಪ್ರಯೋಜನಕ್ಕೆ ಬರಲಿಲ್ಲ. ಬುಧವಾರ ಚಿಪ್ಪು ಬಂದವು. ಅಕ್ಷತಾಳೇ ತಮ್ಮ ಅಂಗಳದಿಂದ ಚೀಲದಲ್ಲಿ ತಂದಿದ್ದಳು. ಗುರುವಾರ ಶಿಲ್ಪಶ್ರೀ ನೆಲದುದ್ದಕ್ಕೂ ವರ್ಣಮಾಲೆ ಬರೆದರು. ಅಕ್ಷತಾ ಚಿಪ್ಪು ಹಿಡಿದು ಅ ಇಂದ ಹೆಜ್ಜೆ ಹಾಕುತ್ತಾ, ಒಂದೊಂದು ಅಕ್ಷರ ಹೇಳುತ್ತಾ, ತನ್ನ ಪದದ ಅಕ್ಷರ ಬಂದಾಗ ಅದನ್ನು ಇಳಿಸಬೇಕು. ರ ತಲುಪಲು ಕೋಣೆಯ ಮುಕ್ಕಾಲು ಭಾಗ ನಡೆಯಬೇಕಾಯಿತು.

"ಅಯ್ಯೋ, ರ ಇಷ್ಟು ದೂರ ಐತಾ ಮಿಸ್?"

ಶುಕ್ರವಾರ ಸಂಜೆಗೆ ಅವಳು ಐದು ಚಿಪ್ಪುಗಳನ್ನು ಆರು ಸಲ ಜೋಡಿಸಿ ನಾಲ್ಕು ಸಲ ಸರಿ ಮಾಡಿದಳು.

ಶನಿವಾರ ಹತ್ತೂವರೆಗೆ ಚನ್ನೇಶ್ ಬಂದರು. ನಿಘಂಟನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಅಕ್ಷತಾ ಅದನ್ನು ನೆಲದ ಮೇಲಿಟ್ಟು, ತುಟಿ ಅಲುಗಿಸುತ್ತಾ ಅ ಇಂದ ಹೊರಟಳು. ಪುಟಗಳನ್ನು ದಪ್ಪ ದಪ್ಪವಾಗಿ ತಿರುವಿದಳು. ಒಮ್ಮೆ ಲ ದಾಟಿ ಹಿಂದೆ ಬಂದಳು. ನಾಲ್ಕು ನಿಮಿಷಕ್ಕೆ ರಾಗಿಯ ಮೇಲೆ ಬೆರಳಿಟ್ಟಳು.

"ಐತಲ್ಲಪ್ಪ!"

ಚನ್ನೇಶ್ ಬಗ್ಗಿ ನೋಡಿದರು. ಮುಖ ಸಡಿಲವಾಯಿತು. "ಪರ್ವಾಗಿಲ್ವೆ. ಇನ್ನೊಂದು. ಸೌದೆ."

ಅವಳು ಮತ್ತೆ ಅ ಇಂದ ಶುರುಮಾಡಿದಳು.

"ಪ್ರತಿ ಸಲ ಇಷ್ಟು ಹೊತ್ತಾ?" ಅವರು ಪುಸ್ತಕ ಎತ್ತಿ ಶಿಲ್ಪಶ್ರೀ ಕೈಗಿಟ್ಟರು. "ನೀವು ತೆಗ್ದು ತೋರ್ಸಿ ಮಿಸ್. ಮಗೀಗೆ ಗೊತ್ತಾಗ್ಲಿ."

ಕುಹಕವಿರಲಿಲ್ಲ; ಸುಲಭದ್ದೊಂದನ್ನು ಕೇಳಿದಂತೆ ಕೇಳಿದ್ದರು. ಅವರು, ಏಕಾಂತಯ್ಯ, ಹತ್ತು ಮಕ್ಕಳು, ಎಲ್ಲರೂ ನೋಡುತ್ತಿದ್ದರು. ಶಿಲ್ಪಶ್ರೀ ಪುಸ್ತಕ ತೆರೆದರು. ತೆರೆದದ್ದು ಮುಂಭಾಗದಲ್ಲಿ, 'ಆ' ಇಂದ ಶುರುವಾಗುವ ಪದಗಳಿದ್ದಲ್ಲಿ. ಮುಂದಕ್ಕೆ ನಾಲ್ಕು ಪುಟ ತಿರುವಿದರು, ಇನ್ನೂ ನಾಲ್ಕು. ಆಮೇಲೆ ಅವರ ತುಟಿಗಳೂ ಅಲುಗತೊಡಗಿದವು.

ಸ ಇರುವುದು ನಿಘಂಟಿನ ಕೊನೆಯ ಹತ್ತಿರ. ಕಾರ್ಡಿನಲ್ಲಿ ಅದು ಮೂರನೆಯದು.

"ನೀವೂ ಕಾರ್ಡಿನಾಗೇ ಕಲ್ತಿದ್ದಾ ಮಿಸ್?" ಚನ್ನೇಶ್ ಕೇಳಿದರು.

"ಹೌದು," ಎಂದರು ಶಿಲ್ಪಶ್ರೀ. ಆಗಲೂ ಸೌದೆ ಸಿಕ್ಕಿರಲಿಲ್ಲ.

ಚನ್ನೇಶ್ ದನಿ ಏರಿಸಲಿಲ್ಲ. ಪುಸ್ತಕ ತೆಗೆದುಕೊಂಡು ಟವೆಲ್ಲಿನಲ್ಲಿ ಸುತ್ತಿದರು. "ನಿಮ್ದೇನೂ ತಪ್ಪಿಲ್ಲ ಬಿಡಿ," ಎಂದು ಏಕಾಂತಯ್ಯನವರ ಕಡೆ ತಿರುಗಿದರು. "ಟೀಸಿ ಬರ್ದುಕೊಡಿ ಸಾರ್."

ಅಕ್ಷತಾ ಎದ್ದು ನಿಂತಳು. "ನಂಗೆ ಸಿಕ್ತಲ್ಲಪ್ಪ. ರಾಗಿ ಸಿಕ್ತಲ್ಲ."

"ಸಿಕ್ತು ಕಣವ್ವ. ನಡಿ."

ಸೋಮವಾರ ಏಳೂ ನಲವತ್ತಕ್ಕೆ ಕಾನ್ವೆಂಟಿನ ವ್ಯಾನ್ ಊರ ಬಾಗಿಲಲ್ಲಿ ನಿಂತಿತು, ಅಕ್ಷತಾ ಹತ್ತಿದಳು. ಶಾಲೆಯಲ್ಲಿ ಒಂಬತ್ತು ಮಕ್ಕಳ ಹಾಜರಿಯಾಯಿತು. ಚಿಪ್ಪುಗಳ ಚೀಲ ಮೂಲೆಯಲ್ಲೇ ಇದೆ. ಶಿಲ್ಪಶ್ರೀ ತಿಂಗಳ ಕೊನೆಯವರೆಗೆ ಪಾಠ ಮಾಡುತ್ತಾರೆ. ಬೇಲೂರಿನವರು ಮುಂದಿನ ಭಾನುವಾರ ಹನ್ನೊಂದಕ್ಕೆ ಹೆಣ್ಣು ನೋಡಲು ಬರುತ್ತಾರೆ.