ಹಕ್ಕಳೆ ಗಂಗಕ್ಕ

ಬಬ್ಬೂರಿನಲ್ಲಿ ನಮ್ಮ ನೆರೆಮನೆಯ ಗಂಗಕ್ಕನಿಗೆ ಹಕ್ಕಳೆ ಗಂಗಕ್ಕ ಎಂದೇ ಹೆಸರು. ಮೂಗಿನೊಳಗೆ ಒಣಗಿ ಅಂಟಿಕೊಂಡ ಸಿಂಬಳಕ್ಕೆ ನಮ್ಮ ಕಡೆ ಹಕ್ಕಳೆ ಎನ್ನುತ್ತಾರೆ. ಓಣಿಯ ಯಾವ ಕೂಸು ಕೈಗೆ ಸಿಕ್ಕರೂ ಸೆರಗಿನ ತುದಿ ಒದ್ದೆ ಮಾಡಿ ಅದರ ಮೂಗು ಒರೆಸಿಯೇ ಬಿಡುವಳು. ಆಕೆಗೆ ಮಕ್ಕಳಿರಲಿಲ್ಲ. ಆ ಹೆಸರಿನ ಬಗ್ಗೆ ಬೇಸರವೂ ಇರಲಿಲ್ಲ.

ಮಾರಿಕಣಿವೆಯ ಕಟ್ಟೆ ಮುಗಿದ ಮರುವರ್ಷ ನನ್ನ ತಮ್ಮ ಹುಟ್ಟಿದ. ಒಂಬತ್ತನೆಯ ದಿನ ಕೂಸು ಮೊಲೆ ಹಿಡಿಯದಾಯಿತು. ಬಾಯಿ ಹಾಕುವುದು, ಉಸಿರು ಕಟ್ಟಿ ಬಿಡುವುದು. ಮಧ್ಯಾಹ್ನದ ಹೊತ್ತಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ. ಅದಕ್ಕೂ ಮುಂಚೆ ಒಂದು ಕೂಸನ್ನು ಕಳೆದುಕೊಂಡಿದ್ದ ನಮ್ಮವ್ವ ಶಿವಗಂಗಮ್ಮ ಗೋಡೆ ನೋಡುತ್ತಾ ಕುಳಿತಿದ್ದಳು.

ಅಜ್ಜಿ ಮರುಳಸಿದ್ದಮ್ಮ ದೃಷ್ಟಿಯಾಗಿದೆ ಎಂದು ಮತ್ತಷ್ಟು ಧೂಪ ಹಾಕಿದಳು. ಕೆಂಡದ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ. ಬಾಣಂತಿ ಕೋಣೆಯ ಕಿಟಕಿ ಎಂಟು ದಿನದಿಂದ ತೆರೆದಿರಲಿಲ್ಲ.

ಗಂಗಕ್ಕ ಕೆಮ್ಮುತ್ತಲೇ ಒಳಗೆ ಬಂದಳು.

"ಏನತ್ತೆ, ಕೂಸು ಸಾಕ್ತಿದೀರೋ, ಮೆಣಸಿನಕಾಯಿ ಒಣಗಿಸ್ತಿದೀರೋ? ಮೂಗು ಪೂರಾ ಕಟ್ಕಂಡೈತೆ."

ಕೂಸಿನ ಮೂಗು ಕೆದಕಲು ಅಜ್ಜಿ ಬೇವಿನ ಕಡ್ಡಿ ಎತ್ತಿಕೊಂಡಳು. ಗಂಗಕ್ಕ ಆಕೆಯ ಮಣಿಕಟ್ಟು ಹಿಡಿದಳು.

"ಕೆರೆ ಬತ್ತಿದ ಮ್ಯಾಲೆ ಕೆಸರು ಬಿರಿದು ಎದ್ದಿರ್ತೈತಲ್ಲ, ಅದಕ್ಕೇನಂತೀರಿ?"

"ಹಕ್ಕಳೆ ಅಂತೀವಿ. ಈಗ್ಯಾಕೆ ಕೆರೆ ಮಾತು?"

"ಅದರ ಹೆಸರೇ ಇದಕ್ಕೆ ಬಂದಿರೋದು. ಒಣಗಿದ್ದಾಗ ಕಿತ್ತರೆ ಕೆಳಗಿನ ನೆಲಾನೂ ಎದ್ದು ಬರ್ತೈತೆ. ನೀರು ಕುಡಿದ್ರೆ ತಾನೇ ಬಿಡ್ತೈತೆ. ಶಿವಗಂಗಿ, ಎರಡು ತೊಟ್ಟು ಹಾಲು ಹಿಂಡು."

ಆ ಹೆಸರು ಹಾಗೆಯೇ ಬಂದಿತೋ ಏನೋ, ಗಂಗಕ್ಕ ನಂಬಿದ್ದು ಹಾಗೆ. ಒಂದೊಂದು ಹೊಳ್ಳೆಗೆ ಒಂದೊಂದು ತೊಟ್ಟು ಹಾಲು ಬಿಟ್ಟು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾದಳು. ಆಮೇಲೆ ಬಗ್ಗಿ, ಅದರ ಮೂಗಿಗೆ ತನ್ನ ಬಾಯಿ ಇಟ್ಟು ಮೆಲ್ಲಗೆ ಹೀರಿ ಬೂದಿಗೆ ಉಗುಳಿದಳು. ಇನ್ನೊಂದು ಸಲ. ಕೂಸು ಸೀನಿತು.

ಮೊಲೆಗೆ ಹಾಕಿದಾಗ ಗುಟುಕರಿಸುವ ಸದ್ದು ಹಜಾರದವರೆಗೂ ಕೇಳಿಸಿತು. ಅಜ್ಜಿ ಕೆಂಡದ ಕುಂಡ ಎತ್ತಿ ಹಿತ್ತಲಿಗೆ ಒಯ್ದಳು.

ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಹೆಸರು ಕೂಗಬೇಕಾದವಳು ಸೋದರತ್ತೆ. ನಮ್ಮವ್ವ ಗಂಗಕ್ಕನನ್ನೇ ಕರೆದಳು.

"ಹಕ್ಕಳಪ್ಪ ಅಂತ ಇಟ್ಬಿಡು ಗಂಗಕ್ಕ," ಎಂದು ಹೆಂಗಸರು ನಕ್ಕರು.

"ನಿಮ್ಮ ಮೊಮ್ಮಗನಿಗೆ ಇಡ್ತೀನಿ ಬಿಡ್ರಿ," ಎನ್ನುತ್ತಾ ಗಂಗಕ್ಕ ಬಗ್ಗಿದಳು. ಮುರುಗಪ್ಪ ಎಂದು ಮೂರು ಸಲ ಕೂಗುವ ಮೊದಲು, ಸೆರಗಿನ ತುದಿ ಒದ್ದೆ ಮಾಡಿ ಅವನ ಮೂಗು ಒರೆಸಿದಳು.